ಇಸ್ತ್ರಿಯಕ್ಕನ ನೀಲಿ ಗೌನು

ಮೋಡಣ್ಣ ಬೆಡ್‌ಶೀಟೊಂದನ್ನು ಬದಿಗೆ ಸರಿಸಿ ಮುಂದಿನ ಸಾಲಿಗೆ ನುಗ್ಗಿದ. ಅಲ್ಲಿ ಬರೀ ಪ್ಯಾಂಟುಗಳು. ಅದರಾಚೆ ಮಕ್ಕಳ ಚಡ್ಡಿಗಳು, ಬನಿಯನ್ನುಗಳು, ಯಾರದೋ ಮನೆಯ ಪರದೆಗಳು.

"ಇಲ್ಲೂ ಇಲ್ಲ!" ಎಂದು ಕೂಗಿದ.

"ಸರಿಯಾಗಿ ನೋಡಿ ಭಾವ. ಮೂಗಿನ ಮೇಲಿರೋ ಕನ್ನಡಕಾನೇ ಮನೆಯೆಲ್ಲಾ ಹುಡುಕೋರು ನೀವು," ಎಂದಳು ನಾದಿನಿ. ಅವಳು ಎರಡು ಸಾಲು ಆಚೆಗಿದ್ದಳು. ಬಟ್ಟೆಗಳ ಕೆಳಗೆ ಅವಳ ಚಪ್ಪಲಿಗಳಷ್ಟೇ ಓಡಾಡುವುದು ಕಾಣುತ್ತಿತ್ತು.

"ನೀಲಿ ಬಣ್ಣ ನನಗೂ ಗೊತ್ತಮ್ಮ. ಇದ್ದಿದ್ರೆ ಕಾಣ್ತಿತ್ತು."

"ಇರ್ಲೇಬೇಕು. ಕಪಾಟಿನಲ್ಲಿಲ್ಲ, ಟ್ರಂಕಿನಲ್ಲಿಲ್ಲ. ಇಲ್ಲಿ ಇಲ್ದೆ ಇನ್ನೆಲ್ಲಿಗೆ ಹೋಗತ್ತೆ, ಕಾಲು ಬಂದಿದೆಯಾ ಅದಕ್ಕೆ?"

ಅವರ ತಲೆಯ ಮೇಲೆ ಗಾಜಿನ ಚಾವಣಿ ಹಬ್ಬಿತ್ತು. ಊರಿನ ಅಂಚಿನಲ್ಲಿ ಕೈಗೆಟಕುವಷ್ಟು ತಗ್ಗಾಗಿ ಶುರುವಾಗಿ, ಒಳಗೊಳಗೆ ಹೋದಂತೆ ಮೇಲಕ್ಕೇರುತ್ತ, ದೂರದಲ್ಲಿ ನಿಂತ ಗೋಪುರದ ಬುಡ ಮುಟ್ಟುವ ಚಾವಣಿ ಅದು. ಬಿಸಿಲಿಗೆ ಕಾದ ಗಾಳಿ ಗಾಜಿನಡಿಯಲ್ಲಿ ಹರಿದು ಬಂದು ಗೋಪುರದೊಳಕ್ಕೆ ನುಗ್ಗುತ್ತಿತ್ತು. ನುಗ್ಗುವಾಗ ಬುಡದಲ್ಲಿದ್ದ ಟರ್ಬೈನುಗಳನ್ನು ತಿರುಗಿಸಿ, ಮುಗಿಲೆತ್ತರದ ಆ ಕೊಳವೆಯ ತುದಿಯಿಂದ ಆಕಾಶಕ್ಕೆ ಹೊರಡುತ್ತಿತ್ತು. ಊರಿನ ದೀಪ, ಫ್ಯಾನು, ಹಿಟ್ಟಿನ ಗಿರಣಿ ಎಲ್ಲವೂ ಆ ಗಾಳಿಯ ದಯೆ. ನೆಲದ ಮೇಲೆ ಹಾಸಿದ್ದ ನೀರು ತುಂಬಿದ ಕಪ್ಪು ಚೀಲಗಳು ಹಗಲ ಕಾವನ್ನು ಹಿಡಿದಿಟ್ಟುಕೊಂಡು ಹೊತ್ತು ಮುಳುಗಿದ ಮೇಲೂ ಗಾಳಿಗೆ ಬಿಸಿ ಕೊಡುತ್ತಿದ್ದವು. ಆ ಚಾವಣಿಯ ಹೊರಅಂಚಿನಲ್ಲಿ, ಗಾಳಿ ಒಳಗೆ ಬರುವ ದಾರಿಯಲ್ಲೇ, ಊರವರ ಬಟ್ಟೆ ಒಗೆದು ಇಸ್ತ್ರಿ ಮಾಡುವ ಇಸ್ತ್ರಿಯಕ್ಕನ ಬಟ್ಟೆ ಒಣಹಾಕುವ ತಂತಿಗಳಿದ್ದವು.

ಇಸ್ತ್ರಿಯಕ್ಕ ಈಗ ಮನೆಯ ಮುಂದಿನ ಕೋಣೆಯಲ್ಲಿ, ತನ್ನದೇ ಇಸ್ತ್ರಿ ಮೇಜಿನ ಮೇಲೆ ಮಲಗಿದ್ದಳು. ಮನೆಯಲ್ಲಿ ಅಷ್ಟು ಉದ್ದದ ಮೇಜು ಬೇರೆ ಇರಲಿಲ್ಲ. ನಿನ್ನೆ ಮಧ್ಯಾಹ್ನ ತಂತಿಗಳ ನಡುವೆ, ಒಣಗಿದ ಟವೆಲ್ಲುಗಳ ಬುಟ್ಟಿಗೆ ಒರಗಿ ಕೂತವಳು ಹಾಗೇ ಹೋಗಿಬಿಟ್ಟಿದ್ದಳು. ಊಟಕ್ಕೆ ಕರೆಯಲು ಬಂದ ಗಂಡ ಮೋಡಣ್ಣ, "ಏಳೇ, ಮ್ಯಾನೇಜರು ಬರ್ತಿದಾನೆ" ಎಂದು ಎಂದಿನಂತೆ ಹೆದರಿಸಿದ್ದ. ಅದಕ್ಕೂ ಏಳದಿದ್ದಾಗ ಅವನಿಗೆ ತಿಳಿಯಿತು.

"ಮಣ್ಣು ಮಾಡೋವಾಗ ನನಗೆ ಆ ನೀಲಿ ಗೌನೇ ಹಾಕ್ಬೇಕು" ಎಂದು ಅವಳು ಬಹಳ ವರ್ಷಗಳಿಂದ ಹೇಳುತ್ತಿದ್ದಳು, ಸ್ವಲ್ಪ ಉಪ್ಪು ಕೊಡಿ ಅನ್ನುವಷ್ಟು ಸಲೀಸಾಗಿ. ಅವಳ ಮದುವೆಯ ಗೌನು ಅದು. ಮೋಡಣ್ಣ ಇಷ್ಟು ವರ್ಷ ಅವಳ ಯಾವ ಮಾತನ್ನೂ ನೆಟ್ಟಗೆ ಕೇಳಿದವನಲ್ಲ. ಇದೊಂದನ್ನಾದರೂ ನಡೆಸಿಕೊಡಬೇಕೆಂದು ಬೆಳಗಿನಿಂದ ಸಾಲು ಸಾಲು ಅಲೆಯುತ್ತಿದ್ದ.

ಅಷ್ಟರಲ್ಲಿ ಊರು ಬರತೊಡಗಿತು.

ಮೊದಲು ಬಂದವರು ಹಲ್ಲಿನ ಡಾಕ್ಟರು. ಮೇಜಿನ ಬಳಿ ತುಂಬಾ ಹೊತ್ತು ಕೈಕಟ್ಟಿ ನಿಂತರು, ಕಣ್ಣು ಒರೆಸಿಕೊಂಡರು. ಆಮೇಲೆ ಬಾಗಿಲಲ್ಲಿದ್ದ ಇಸ್ತ್ರಿಯಕ್ಕನ ಮಗಳ ಹತ್ತಿರ ಬಂದು ಗಂಟಲು ಸರಿಮಾಡಿಕೊಂಡರು.

"ತಪ್ಪು ತಿಳ್ಕೋಬೇಡ ಕಣಮ್ಮ. ಈ ಹೊತ್ತಲ್ಲಿ ಕೇಳ್ಬಾರ್ದು. ನನ್ನ ಕರಿ ಕೋಟು..."

"ಕೋಟು?"

"ನಿಮ್ಮಮ್ಮನ ಹತ್ರ ಇದೆ. ಅವರ ಮಣ್ಣಿಗೆ ಅದನ್ನೇ ಹಾಕ್ಕೊಂಡು ಬರ್ಬೇಕು ಅಂತ..."

ಮಗಳು ಬಸ್ಸು ಓಡಿಸುವವಳು. ದೂರದ ಊರಿನಿಂದ ಬಂದು ಇಳಿದಾಗಿನಿಂದ ಅವಳು ಅತ್ತಿರಲಿಲ್ಲ, ನಕ್ಕಿರಲಿಲ್ಲ. ಈಗ ಎರಡೂ ಒಟ್ಟಿಗೆ ಬಂದವು. "ಹೋಗಿ ಡಾಕ್ಟ್ರೇ, ಅಲ್ಲಿ ತಂತಿ ಮೇಲಿರ್ಬೇಕು. ನೀವೇ ಹುಡುಕ್ಕೊಳ್ಳಿ" ಎಂದಳು.

ಅವರ ಹಿಂದೆಯೇ ಬೇಕರಿಯವನು ಬಂದ, ಅವನ ಹೆಂಡತಿ ಬಂದಳು, ಶಾಲೆಯ ಮೇಷ್ಟ್ರು ಬಂದರು. ಎಲ್ಲರದ್ದೂ ಒಂದೇ ಸಂಕಟ. ಸಾವಿಗೆ ಹಾಕಿಕೊಳ್ಳುವಂಥ ಬಟ್ಟೆಯೆಲ್ಲ ಸತ್ತವಳ ಹತ್ತಿರವೇ ಇತ್ತು. ಬಟ್ಟೆಗಳಿಗೆ ಅವಳು ಚೀಟಿ ಹಚ್ಚಿದವಳಲ್ಲ, ಗುರುತು ಹಾಕಿದವಳಲ್ಲ. ಕಾಲರು ನೋಡಿದರೆ ಕುತ್ತಿಗೆ ಯಾರದೆಂದು ಅವಳಿಗೆ ತಿಳಿಯುತ್ತಿತ್ತು. ಅವಳಿಲ್ಲದೆ ಇಡೀ ಊರು ಗಾಜಿನಡಿಯಲ್ಲಿ ತನ್ನ ಬಟ್ಟೆ ತಾನೇ ಗುರುತು ಹಿಡಿಯಲಾರದೆ ನಿಂತಿತ್ತು.

"ಇದು ನಂದೇ ಅನ್ಸತ್ತೆ."

"ನಿಮ್ಮದು ಹೇಗಾಗತ್ತೆ ಮೇಷ್ಟ್ರೇ? ಅದರಲ್ಲಿ ನಿಮ್ಮಂಥೋರು ಇಬ್ರು ಹಿಡೀತಾರೆ."

"ಹಾಗಾದ್ರೆ ಇದು ಬೇಕರಿಯೋರ್ದು."

"ನಂದನ್ನ ಡಾಕ್ಟ್ರು ಹಾಕ್ಕೊಂಡಾಯ್ತಲ್ಲ! ನೋಡಿ ಅಲ್ಲಿ!"

ಹಲ್ಲಿನ ಡಾಕ್ಟರು ಬೇಕರಿಯವನ ಕೋಟಿನೊಳಗೆ ಎಲ್ಲೋ ಇದ್ದರು. ಬೆರಳ ತುದಿಗಳೂ ಹೊರಗೆ ಕಾಣುತ್ತಿರಲಿಲ್ಲ.

"ಒಂದು ನೀಲಿ ಗೌನು ಕಂಡ್ರೆ ಕೂಗ್ರಪ್ಪ!" ಎಂದು ನಾದಿನಿ ಎಲ್ಲರಿಗೂ ಹೇಳಿದಳು. "ತೋಳಿಗೆ ಬಿಳಿ ಅಂಚಿದೆ!"

ಎಲ್ಲರೂ ಹುಡುಕಿದರು. ಗುಂಡಿ ತೋಡಿ ಕಾಯುತ್ತಿದ್ದವನು ಎರಡು ಸಲ ಫೋನು ಮಾಡಿ, "ಬಿಸಿಲು ಏರ್ತಿದೆ, ನಾನೇ ಒಳಗೆ ಮಲಗ್ಬೇಕಾಗತ್ತೆ" ಎಂದ. ಗೌನು ಸಿಗಲಿಲ್ಲ.

*

ಗೋಪುರ ಬರುವ ಮೊದಲು ಅದು ಬರೀ ಬಯಲು. ಇಸ್ತ್ರಿಯಕ್ಕ ಆಗಿನ್ನೂ ಊರಿಗೆ ಅಕ್ಕನಾಗಿರಲಿಲ್ಲ. ಅಮ್ಮನ ಜೊತೆ ಊರವರ ಬಟ್ಟೆ ಒಗೆದು ಆ ಬಯಲಿನ ಕಲ್ಲುಗಳ ಮೇಲೆ ಹರವುತ್ತಿದ್ದಳು. ಒಂದು ದಿನ ಲಾರಿಗಳು ಬಂದವು. ಕಂಬಗಳೆದ್ದವು, ಕಂಬಗಳ ಮೇಲೆ ಗಾಜು ಬಂತು. ಬಯಲು ಹೋಯಿತು.

ಅವಳು ಸ್ವಲ್ಪ ದಿನ ಮನೆಯ ಹಿಂದೆ, ಕಿಟಕಿಯಲ್ಲಿ, ಮೆಟ್ಟಿಲ ಮೇಲೆ ಬಟ್ಟೆ ಒಣಗಿಸಿ ನೋಡಿದಳು. ಎಲ್ಲ ಮುಗ್ಗಲು ವಾಸನೆ. ಆಮೇಲೊಂದು ದಿನ ಒದ್ದೆ ಬಟ್ಟೆಯ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಬೇಲಿ ದಾಟಿ, ಗಾಜಿನಡಿಯ ಎರಡು ಕಂಬಗಳ ನಡುವೆ ಹಗ್ಗ ಬಿಗಿದಳು. ಕೊನೆಯ ಅಂಗಿ ಹಾಕುವಷ್ಟರಲ್ಲಿ ಮೊದಲನೆಯದು ಒಣಗಿತ್ತು. ಬಟ್ಟೆಗಳೆಲ್ಲ ಒಂದೇ ದಿಕ್ಕಿಗೆ, ಗೋಪುರದ ಕಡೆಗೆ ಹಾರಾಡುತ್ತಿದ್ದವು. ಅವಳು ಕೈ ಇಳಿಬಿಟ್ಟು ನಗುತ್ತ ನಿಂತುಬಿಟ್ಟಳು.

ಹೊಸದಾಗಿ ಕೆಲಸಕ್ಕೆ ಸೇರಿದ್ದ ಕಾವಲುಗಾರ ಓಡಿಬಂದ. "ಏನ್ರೀ ಇದು? ಇಲ್ಲಿ ಬಟ್ಟೆ ಒಣಗಿಸೋ ಹಾಗಿಲ್ಲ."

"ನಾನೆಲ್ಲಿ ಒಣಗಿಸ್ತಿದೀನಿ? ನಿಮ್ಮ ಗಾಳಿ ಒಣಗಿಸ್ತಿದೆ. ಅದಕ್ಕೆ ಹೇಳಿ."

"ನೋಡಿ, ಒದ್ದೆ ಬಟ್ಟೆ ಗಾಳಿಯ ಕಾವು ಹೀರತ್ತೆ. ಕಾವಿಂದಲೇ ಕರೆಂಟು."

"ಒಂದು ಅಂಗಿ ಎಷ್ಟು ಕುಡಿಯತ್ತೆ?"

ಅವನು ಅಂಗಿಗಳನ್ನು ಎಣಿಸತೊಡಗಿದ. ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. "ನಿಮ್ಮ ಯೂನಿಫಾರ್ಮಿನ ಕಾಲರು ನೋಡಿದ್ರೆ ಅಯ್ಯೋ ಅನ್ಸತ್ತೆ. ನಾಳೆ ತಂದುಕೊಡಿ."

ಮರುದಿನ ಅವನು ತಂದುಕೊಟ್ಟ. ಯೂನಿಫಾರ್ಮು ಅದೊಂದೇ ಇದ್ದುದರಿಂದ ಅದು ಒಣಗುವವರೆಗೂ ಬನಿಯನ್ನಿನಲ್ಲೇ ಗೋಪುರ ಕಾದ.

*

"ಇದೇನು ಜಾತ್ರೆ?" ಎಂಬ ದನಿಗೆ ಎಲ್ಲರೂ ತಿರುಗಿದರು. ಗೋಪುರದ ಮ್ಯಾನೇಜರು. ಈ ಊರಿಗೆ ಬಂದು ಇನ್ನೂ ವರ್ಷವಾಗಿರದ, ನಗು ಕಡಿಮೆ ಇದ್ದ ಮನುಷ್ಯ. ಹೋದ ವಾರವಷ್ಟೇ ಅವರು ಇಸ್ತ್ರಿಯಕ್ಕನಿಗೆ ಈ ತಂತಿಗಳನ್ನೆಲ್ಲ ತೆಗೆಯಬೇಕೆಂದು ಹೇಳಿದ್ದರು. ಅವಳು "ಆಗ್ಲಿ ಸಾರ್, ನಿಮ್ಮ ಪ್ಯಾಂಟು ಒಣಗಿದ ತಕ್ಷಣ ತೆಗೀತೀನಿ" ಎಂದಿದ್ದಳು.

ಮೋಡಣ್ಣ ಮುಂದೆ ಹೋದ. "ಇವತ್ತೊಂದು ದಿನ ಬಿಟ್ಬಿಡಿ ಸಾರ್."

"ಅಯ್ಯೋ, ಅದಕ್ಕಲ್ಲ," ಎಂದರು ಮ್ಯಾನೇಜರು. ಅವರ ಕೈಯಲ್ಲಿ ಹೂವಿತ್ತು. "ನಾನೂ ನೋಡೋಕೆ ಬಂದೆ. ಮನೇಲಿ ಯಾರೂ ಇರ್ಲಿಲ್ಲ, ಎಲ್ಲಾ ಇಲ್ಲೇ ಇದೀರಿ." ಆಮೇಲೆ ದನಿ ತಗ್ಗಿಸಿ, "ಆ ಪ್ಯಾಂಟು... ಬೂದು ಬಣ್ಣದ್ದು..." ಎಂದರು.

ಬೇಕರಿಯವನ ಹೆಂಡತಿ ಬಾಯಿಗೆ ಸೆರಗಿಡುವಂತೆ ಯಾರದೋ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡಳು. ಆದರೂ ನಗು ಹೊರಬಂತು. ಅದು ಸಾಲಿನಿಂದ ಸಾಲಿಗೆ ಹಬ್ಬಿತು. ಪ್ಯಾಂಟಿನ ಜೊತೆ ಗೌನನ್ನೂ ಹುಡುಕುವ ಕೆಲಸ ಮ್ಯಾನೇಜರಿಗೆ ಸಿಕ್ಕಿತು.

"ಅದ್ಸರಿ, ನಿಮ್ಮನ್ನ ಯಾಕೆ ಎಲ್ರೂ ಮೋಡಣ್ಣ ಅಂತಾರೆ?" ಎಂದು ಅವರು ಪರದೆಯೊಂದನ್ನು ಎತ್ತಿ ನೋಡುತ್ತ ಕೇಳಿದರು. "ಕಂಪನಿ ದಾಖಲೆಯಲ್ಲೂ ಹಾಗೇ ಇದೆ."

"ಅದನ್ನ ನಾನು ಹೇಳ್ತೀನಿ," ಎಂದರು ಹಲ್ಲಿನ ಡಾಕ್ಟರು, ತೋಳೊಳಗಿಂದ ಕೈ ಹೊರಗೆ ತೆಗೆಯುತ್ತ. "ನಷ್ಟ ಆಗಿದ್ದು ನನಗೆ."

*

ಆ ವರ್ಷ ಒಂದು ಟರ್ಬೈನನ್ನು ರಿಪೇರಿಗೆಂದು ಬಿಚ್ಚಿ ಒಯ್ದಿದ್ದರು. ಅದರ ಜಾಗದಲ್ಲಿ ಗೋಪುರದ ಬಾಯಿ ಬರಿದಾಗಿ ತೆರೆದುಕೊಂಡಿತ್ತು. ಜಾಲರಿಯನ್ನೂ ಹಾಕಿರಲಿಲ್ಲ. ಹೊಸದಾಗಿ ಡಾಕ್ಟರಿಕೆ ಶುರು ಮಾಡಿದ್ದ ಹಲ್ಲಿನ ಡಾಕ್ಟರ ದೊಡ್ಡ ಬಿಳಿ ಬೆಡ್‌ಶೀಟು ಕ್ಲಿಪ್ಪಿನಿಂದ ಕಿತ್ತುಕೊಂಡು ಹೊರಟಿತು. ಇಸ್ತ್ರಿಯಕ್ಕ ಅದರ ಹಿಂದೆ ಓಡಿದಳು, ಕಾವಲುಗಾರ ಅವಳ ಹಿಂದೆ ಓಡಿದ. ಒಳಗೆ ಹೋದಷ್ಟೂ ಗಾಳಿಯ ರಭಸ. ಬೆಡ್‌ಶೀಟು ಇಬ್ಬರಿಗೂ ಸಿಗದೆ ಆ ಬಾಯಿಯೊಳಗೆ ಹೊಕ್ಕು ಮಾಯವಾಯಿತು.

ಇಬ್ಬರೂ ಹೊರಗೆ ಬಂದು ಕತ್ತೆತ್ತಿ ನಿಂತರು. ತುಸು ಹೊತ್ತಿಗೆ ಗೋಪುರದ ತುತ್ತತುದಿಯಿಂದ ಬಿಳಿಯದೊಂದು ಚೂರು ಹೊರಬಂದು, ಅಗಲವಾಗಿ ಬಿಚ್ಚಿಕೊಂಡು, ನಿಧಾನವಾಗಿ ತೇಲತೊಡಗಿತು.

ಆಗಿನ ಮ್ಯಾನೇಜರು ಆಫೀಸಿನಿಂದ ಓಡಿಬಂದರು. "ಏನದು? ಅಲ್ಲಿ, ಮೇಲೆ?"

ಕಾವಲುಗಾರ ಮೇಲೆ ನೋಡಿದ. ಪಕ್ಕದಲ್ಲಿ ಏದುಸಿರು ಬಿಡುತ್ತಿದ್ದವಳನ್ನು ನೋಡಿದ. "ಮೋಡ ಸಾರ್," ಎಂದ.

ಆಕಾಶ ತೊಳೆದಿಟ್ಟಂತೆ ಶುಭ್ರವಾಗಿತ್ತು.

"ಒಂದೇ ಒಂದಾ?"

"ಇವತ್ತಿಗೆ ಒಂದೇ ಸಾರ್."

ಅವಳು ನಗು ತಡೆಯಲಾಗದೆ ನೆಲದ ಮೇಲೆ ಕೂತುಬಿಟ್ಟಳು. ಅವನ ಒಂದು ತಿಂಗಳ ಸಂಬಳ ಹೋಯಿತು, ಹೆಸರೂ ಹೋಯಿತು. ಅಂದು ಸಂಜೆ ಅವಳು ಅವನ ಯೂನಿಫಾರ್ಮು ಕೊಡಲು ಹೋದಾಗ, "ಇಷ್ಟು ದೊಡ್ಡ ಸುಳ್ಳನ್ನ ಇಷ್ಟು ಕೆಟ್ಟದಾಗಿ ಹೇಳೋ ಗಂಡಸನ್ನ ನಾನು ನೋಡೇ ಇಲ್ಲ. ನಿಮ್ಮನ್ನ ನಂಬಬಹುದು" ಎಂದಳು. ಮುಂದಿನ ಬೇಸಿಗೆಯಲ್ಲಿ ನೀಲಿ ಗೌನು ಹೊಲಿಸಿಕೊಂಡಳು.

*

ಡಾಕ್ಟರು ಕತೆ ಮುಗಿಸುವಾಗ ಮ್ಯಾನೇಜರು ಕೂಡ ನಗುತ್ತಿದ್ದರು. ಆಗಲೇ ಬೇಲಿಯ ಕಡೆಯಿಂದ ಕೂಗು ಕೇಳಿತು.

"ಅಕ್ಕಾ! ಇಸ್ತ್ರಿಯಕ್ಕಾ! ಆಯ್ತು, ಆಯ್ತು ಅಕ್ಕಾ!"

ಗೋಪುರದ ಚಾವಣಿಯ ಗಾಜು ಒರೆಸುವ ಹುಡುಗಿ ಓಡಿಬರುತ್ತಿದ್ದಳು. ಹಿಂದೆ ಒಬ್ಬ ಯುವಕ, ಹೊಸ ಶೂ ಕಚ್ಚುತ್ತಿದ್ದುದರಿಂದ ಕುಂಟುತ್ತ ಬರುತ್ತಿದ್ದ. ಎರಡು ದಿನದಿಂದ ಅವಳು ಪಕ್ಕದ ಊರಿನಲ್ಲಿದ್ದಳು, ಮದುವೆ ನೋಂದಣಿಗೆಂದು. ಅವಳಿಗೆ ಸುದ್ದಿ ಮುಟ್ಟಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಅವಳು ಒಂದು ಕೈಯಲ್ಲಿ ಸಿಹಿಯ ಡಬ್ಬಿ ಹಿಡಿದು, ಇನ್ನೊಂದರಲ್ಲಿ ಉದ್ದನೆಯ ಗೌನನ್ನು ಮೊಣಕಾಲಿಗೆತ್ತಿಕೊಂಡಿದ್ದಳು. ನೀಲಿ ಗೌನು. ತೋಳಿಗೆ ಬಿಳಿ ಅಂಚು.

ಹುಡುಗಿ ಗಕ್ಕನೆ ನಿಂತಳು. ತಂತಿಗಳ ನಡುವೆ ಇಡೀ ಊರು ತನ್ನ ಒಳ್ಳೆಯ ಬಟ್ಟೆಯಲ್ಲಿ ನಿಂತು ತನ್ನನ್ನೇ ನೋಡುತ್ತಿತ್ತು. ಅವಳ ಮುಖ ಅರಳಿ ಕೆಂಪಾಯಿತು.

"ಅಯ್ಯೋ ದೇವರೇ," ಎಂದಳು. "ಎಲ್ರೂ ನನಗೋಸ್ಕರ ಬಂದಿದೀರಾ? ಅಕ್ಕ ಕರೆಸಿದ್ರಾ?"

ನಾದಿನಿ ಬೇರೆ ಕಡೆ ತಿರುಗಿದಳು. ಮೇಷ್ಟ್ರು ಕೈಲಿದ್ದ ಅಂಗಿಯನ್ನು ಮಡಿಸತೊಡಗಿದರು. ಮೋಡಣ್ಣ ಅಂಗಿಗಳನ್ನು ಸರಿಸಿಕೊಂಡು ಅವಳ ಹತ್ತಿರ ಹೋದ.

"ಹೂಂ ಮಗಳೇ. ಅವಳೇ ಕರೆಸಿದ್ದು ಅಂತಿಟ್ಕೋ." ಸಿಹಿಯ ಡಬ್ಬಿ ಇಸಿದುಕೊಂಡು ಪಕ್ಕಕ್ಕಿಟ್ಟ. ಆಮೇಲೆ ಅವಳ ಎರಡೂ ಕೈ ಹಿಡಿದು ಮೆಲ್ಲಗೆ ವಿಷಯ ಹೇಳಿದ.

ಹುಡುಗಿ ಮೊದಲು ತಲೆಯಾಡಿಸಿದಳು, ಇಲ್ಲ ಇಲ್ಲ ಎಂದು. ಆಮೇಲೆ ಜೋರಾಗಿ ಅಳುತ್ತ ಬೆನ್ನಿನ ಹಿಂದೆ ಕೈ ಹಾಕಿ ಗೌನಿನ ಕೊಕ್ಕೆಗಳಿಗೆ ತಡಕಾಡಿದಳು. "ಇದು ಅಕ್ಕಂದು. ಅಕ್ಕ ಇದನ್ನೇ ಹಾಕ್ಕೊಂಡು ಹೋಗ್ಬೇಕು ಅಂತಿದ್ರು. ಬಿಚ್ಚಿಕೊಡ್ತೀನಿ, ಈಗ್ಲೇ ಬಿಚ್ಚಿಕೊಡ್ತೀನಿ..."

"ತಡಿಯೇ," ಎಂದು ನಾದಿನಿ ಬಂದು ಅವಳ ಕೈ ಹಿಡಿದಳು. "ಅಕ್ಕ ನಿನಗೆ ಕೊಟ್ಟಿದ್ದಾ?"

"ಸೊಂಟ ಹಿಡಿಸಿ, ಇಸ್ತ್ರಿ ಮಾಡಿ ಕೊಟ್ರು. ನಾನು ಬೇಡ ಅಂದೆ. ಇದು ನಿಮ್ಮ ಆ ದಿನಕ್ಕಲ್ವಾ ಅಕ್ಕ ಅಂದೆ." ಹುಡುಗಿ ಬಿಕ್ಕುತ್ತಲೇ ಹೇಳಿದಳು. "ಅದಕ್ಕೆ ಅವರು, 'ನಾನು ಹಾಕ್ಕೊಂಡ್ರೆ ಇದನ್ನ ಮಲಗಿಸಿಬಿಡ್ತಾರೆ. ನೀನು ಹಾಕ್ಕೊಂಡ್ರೆ ಕುಣಿಯತ್ತೆ. ನಿನ್ನ ಭಾವಂಗೆ ಮಾತ್ರ ಹೇಳ್ಬೇಡ, ಅವರಿಗೆ ಹುಡುಕೋಕೆ ಏನಾದ್ರೂ ಒಂದು ಇರ್ಲಿ' ಅಂದ್ರು."

ಮೋಡಣ್ಣನ ಭುಜ ಕುಲುಕಿತು. ಅಳುತ್ತಿದ್ದಾನೆಂದು ಮಗಳು ಹತ್ತಿರ ಬಂದಳು. ಅವನು ನಗುತ್ತಿದ್ದ.

"ಬೆಳಗಿಂದ ಊರಿನ ಚಡ್ಡಿಯೆಲ್ಲಾ ನೋಡಿದೆನಲ್ಲೇ," ಎಂದ. "ನನ್ನ ಊರೆಲ್ಲಾ ಅಲೆಸಿ ಮಲಗಿದಾಳೆ ನೋಡು." ಆಮೇಲೆ ಹುಡುಗಿಗೆ, "ಒಂದು ಕೊಕ್ಕೇನೂ ಬಿಚ್ಚಬೇಡ. ಅವಳು ಕೊಟ್ಟಿದ್ದನ್ನ ವಾಪಸ್ಸು ತಗೊಂಡು ನನಗೆ ಅಭ್ಯಾಸ ಇಲ್ಲ" ಎಂದ.

"ಹಾಗಾದ್ರೆ ಅಕ್ಕನಿಗೆ ಏನು ಹಾಕೋದು ಭಾವ?" ಎಂದಳು ನಾದಿನಿ.

ಅಷ್ಟು ಸಾಕಾಯಿತು. ಬೇಕರಿಯವನ ಹೆಂಡತಿ ತನ್ನ ರೇಷ್ಮೆಯದನ್ನು ಕೊಡುತ್ತೇನೆಂದಳು. ಡಾಕ್ಟರು ಕೋಟು ಬಿಚ್ಚತೊಡಗಿದರು. "ಅದು ನಂದು ಡಾಕ್ಟ್ರೇ" ಎಂದ ಬೇಕರಿಯವನು, "ಆದ್ರೂ ಕೊಡಿ." ಮೇಷ್ಟ್ರು ತಾವು ಹುಡುಕಿಟ್ಟಿದ್ದ ಅಂಗಿಯನ್ನೇ ಮುಂದೆ ಚಾಚಿದರು. ಬಟ್ಟೆಗಳು ಒಂದರ ಮೇಲೊಂದು ಮೋಡಣ್ಣನ ತೋಳಿಗೆ ಬಂದು ಬಿದ್ದವು.

ಮಗಳು ಆ ಗದ್ದಲದಿಂದ ಆಚೆ ಹೋಗಿ ಕೊನೆಯ ತಂತಿಯಿಂದ ಒಂದನ್ನು ಇಳಿಸಿಕೊಂಡು ಬಂದಳು. ಬಣ್ಣ ಮಾಸಿದ, ಮುಂದೆ ದೊಡ್ಡ ಜೇಬಿದ್ದ ಹತ್ತಿಯ ನಿಲುವಂಗಿ. ದಿನಾ ಕೆಲಸಕ್ಕೆ ಹಾಕಿಕೊಳ್ಳುತ್ತಿದ್ದದ್ದು. ನಿನ್ನೆ ಸಂಜೆ ನಾದಿನಿಯೇ ಒಗೆದು ಹಾಕಿದ್ದಳು. ನೀಲಿಯನ್ನು ಹುಡುಕುವ ಭರದಲ್ಲಿ ಎಲ್ಲರೂ ಅದನ್ನು ಹತ್ತಾರು ಸಲ ಪಕ್ಕಕ್ಕೆ ಸರಿಸಿದ್ದರು.

"ಇದ್ರಲ್ಲಿ ಅಮ್ಮ, ಅಮ್ಮನ ಥರಾ ಇರ್ತಾಳೆ," ಎಂದಳು.

ಇಸ್ತ್ರಿ ಮೇಜು ಖಾಲಿ ಇರಲಿಲ್ಲ. ನೆಲದ ಮೇಲೆ ಕಂಬಳಿ ಹಾಸಿ ಮಗಳೇ ಇಸ್ತ್ರಿ ಮಾಡಿದಳು. ನಾದಿನಿ ಪಕ್ಕದಲ್ಲಿ ನಿಂತು ಎಡಕ್ಕೆ, ಬಲಕ್ಕೆ ಎಂದು ಹೇಳುತ್ತಲೇ ಇದ್ದಳು. ಹೆಂಗಸರು ಬಾಗಿಲು ಹಾಕಿಕೊಂಡು ಇಸ್ತ್ರಿಯಕ್ಕನಿಗೆ ಬಟ್ಟೆ ತೊಡಿಸಿ, ಗಂಡಸರನ್ನು ಒಳಗೆ ಕರೆದರು. ಕಾಲರಿನ ಎಡಬದಿಯಲ್ಲಿ ಒಂದು ಸುಕ್ಕು ಹಾಗೇ ಉಳಿದಿತ್ತು.

"ಅಕ್ಕ ನೋಡಿದ್ರೆ ಎದ್ದು ಬಂದು ಮತ್ತೆ ತಿಕ್ತಿದ್ಲು," ಎಂದಳು ನಾದಿನಿ, ಕೈಯಿಂದ ಅದನ್ನು ಸವರುತ್ತ.

"ಹಾಗಾದ್ರೆ ಬಿಡು, ಇರ್ಲಿ," ಎಂದ ಮೋಡಣ್ಣ. "ಏಳ್ತಾಳೇನೋ ನೋಡೋಣ."

ಕೋಣೆಯಲ್ಲಿದ್ದವರೆಲ್ಲ ಒಂದು ಗಳಿಗೆ ನಿಜವಾಗಿಯೂ ಕಾದರು. ಆಮೇಲೆ ಮೋಡಣ್ಣ ಬಗ್ಗಿ ಆ ಸುಕ್ಕಿನ ಮೇಲೆ ಕೆನ್ನೆಯಿಟ್ಟ.

*

ಸ್ಮಶಾನ ಚಾವಣಿಯ ಆ ಬದಿಗಿತ್ತು. ರಸ್ತೆ ಹಿಡಿದರೆ ದೊಡ್ಡ ಸುತ್ತು. ಮ್ಯಾನೇಜರು ಗೇಟಿನ ಬೀಗ ತೆಗೆಸಿದರು. ಊರಿನವರು ಅವಳನ್ನು ಗಾಜಿನಡಿಯಲ್ಲೇ ಹೊತ್ತುಕೊಂಡು ನಡೆದರು. ಹೆಗಲು ಕೊಟ್ಟವರಲ್ಲಿ ಮುಂದೆ ಡಾಕ್ಟರು, ಬೇಕರಿಯವನು; ಹಿಂದೆ ಮಗಳು, ಕುಂಟುವ ಮದುಮಗ. ಗೋಪುರದವರೆಗೂ ಬಿಸಿಗಾಳಿ ಬೆನ್ನಿಗೆ ಬಡಿದು ಎಲ್ಲರ ಕೋಟು ಸೆರಗುಗಳನ್ನು ಮುಂದಕ್ಕೆ ಹಾರಿಸುತ್ತಿತ್ತು. ನಡಿಗೆ ತಾನಾಗಿ ಚುರುಕಾಯಿತು.

"ಮೆಲ್ಲಗೆ, ಮೆಲ್ಲಗೆ," ಎಂದರು ಮೇಷ್ಟ್ರು.

"ನಾವೆಲ್ಲಿ ಓಡ್ತಿದೀವಿ? ಗಾಳಿ ತಳ್ತಿದೆ," ಎಂದ ಬೇಕರಿಯವನು.

ಮಣ್ಣು ಮಾಡಿ ಮರಳಿ ಬಂದ ಮೇಲೆ ಎಲ್ಲರಿಗೂ ಟೀ ಕೊಟ್ಟರು. ಗಾಜು ಒರೆಸುವ ಹುಡುಗಿ ತನ್ನ ಸಿಹಿಯ ಡಬ್ಬಿಯನ್ನು ಹಂಚಬಹುದೇ ಬಾರದೇ ಎಂದು ಹಿಡಿದುಕೊಂಡೇ ನಿಂತಿದ್ದಳು. ನಾದಿನಿ ಅದನ್ನು ಕಸಿದುಕೊಂಡು ಹಂಚಿದಳು. ಅಂಗಳದಲ್ಲೇ ಕೋಟುಗಳು ಅದಲುಬದಲಾಗಿ ತಂತಮ್ಮ ಒಡೆಯರನ್ನು ಸೇರಿದವು.

ಹೊರಡುವ ಮುನ್ನ ಮ್ಯಾನೇಜರು ತಂತಿಗಳ ಬಳಿ ನಿಂತು ಕಂಬವೊಂದನ್ನು ಅಲುಗಾಡಿಸಿ ನೋಡಿದರು. "ಇದು ವಾಲಿದೆ. ನಾಳೆ ಜನ ಕಳಿಸ್ತೀನಿ."

"ಕೀಳೋಕಾ?" ಎಂದಳು ಮಗಳು.

"ನೆಟ್ಟಗೆ ನಿಲ್ಲಿಸೋಕೆ," ಎಂದರು. ಬೂದು ಪ್ಯಾಂಟನ್ನು ಕಂಕುಳಲ್ಲಿಟ್ಟುಕೊಂಡು ಹೊರಟುಹೋದರು.

ಇಳಿಬಿಸಿಲಿಗೆ ಜನ ಕರಗಿದ ಮೇಲೆ ಮನೆಯ ಮುಂದೆ ಲಾರಿಯೊಂದು ನಿಂತಿತು. ಚಾಲಕ ಇಳಿದು, ಎಣ್ಣೆ ಮೆತ್ತಿದ ಅಂಗಿಗಳ ಗಂಟನ್ನು ಜಗುಲಿಯ ಮೇಲೆ ಧೊಪ್ಪನೆ ಹಾಕಿದ.

"ಅಕ್ಕ ಇಲ್ವಾ?"

ಮೋಡಣ್ಣ ಮಗಳ ಕಡೆ ನೋಡಿದ. ಮಗಳು ನೆಲದ ಕಡೆ ನೋಡಿದಳು.

"ಇಲ್ಲಪ್ಪ," ಎಂದ ಮೋಡಣ್ಣ. "ಯಾವಾಗ ಬೇಕು?"

"ನಾಳೆ ಬೆಳಿಗ್ಗೆ ಹೊರಡ್ತೀನಿ. ಸಿಗತ್ತಾ?"

"ಗಾಳಿ ಇದೆಯಲ್ಲ, ಸಿಗತ್ತೆ."

ಲಾರಿ ಹೋದ ಮೇಲೆ ಅವನು ಅಂಗಿಯ ತೋಳು ಮಡಿಸಿ ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಸೋಪು ಎಷ್ಟು ಹಾಕಬೇಕೆಂದು ಗೊತ್ತಾಗದೆ ನೊರೆ ಮೊಣಕೈವರೆಗೂ ಬಂತು. ಮಗಳು ಬಾಗಿಲಲ್ಲಿ ನಿಂತು ನೋಡಿದಳು. ಆಮೇಲೆ ತಾನೂ ಬಂದು ಹಿಂಡಿದಳು. ಇಬ್ಬರೂ ಬಕೆಟ್ಟು ಹಿಡಿದು ಗಾಜಿನಡಿಗೆ ಹೋದರು.

"ತಲೆಕೆಳಗು ಹಾಕ್ತಿದೀಯಪ್ಪ."

"ಒಣಗೋಕೆ ತಲೆ ಯಾಕೆ ಬೇಕೇ?"

ಮೊದಲ ಅಂಗಿಯ ಒಳಗೆ ಗಾಳಿ ಹೊಕ್ಕು, ಅದರ ಹೊಟ್ಟೆ ಉಬ್ಬಿ, ಎರಡೂ ತೋಳು ಗೋಪುರದ ಕಡೆಗೆ ಚಾಚಿಕೊಂಡವು. ಮೋಡಣ್ಣ ಬಕೆಟ್ಟಿನಿಂದ ಇನ್ನೊಂದನ್ನು ತೆಗೆದು ಎರಡೂ ಕೈಯಿಂದ ಬಲವಾಗಿ ಕೊಡವಿದ. ನೀರಹನಿಗಳು ಬಿಸಿಲಿನಲ್ಲಿ ಚಿಮ್ಮಿ, ಗಾಳಿಗೆ ಸಿಕ್ಕಿ, ಮಗಳ ಮುಖದ ತುಂಬ ಬಿದ್ದವು.